ಪೂಜೆಗೆ ಕೂತವರು ಏಳದಿದ್ದಾಗ

ಗುಬ್ಬಿಯ ಪೇಟೆ ಬೀದಿಯಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುತ್ತಿದ್ದ ತೋಂಟಾರಾಧ್ಯರು ಮಾತಿಗೆ ಹೆಸರಾದವರು. ರಾಗಿ ಬೀಜ ಕೇಳಿಕೊಂಡು ಬಂದವನ ಹೊಲದ ಮಣ್ಣು, ಮಗಳ ಮದುವೆ, ಎಮ್ಮೆಯ ಕಾಯಿಲೆ ಎಲ್ಲ ವಿಚಾರಿಸಿ ಆಮೇಲೆ ಚೀಲಕ್ಕೆ ಕೈ ಹಾಕುತ್ತಿದ್ದರು. ಈಗ ಅವರಿಗೆ ಎಪ್ಪತ್ತಮೂರು. ಅಂಗಡಿಯನ್ನು ಮಗ ಪ್ರಭುದೇವ ನೋಡಿಕೊಳ್ಳುತ್ತಾನೆ. ಏಳೆಂಟು ತಿಂಗಳಿಂದ ತೋಂಟಾರಾಧ್ಯರ ಮಾತು ಹೆಚ್ಚುಕಮ್ಮಿ ನಿಂತೇ ಹೋಗಿದೆ.

ಮನೆಯಲ್ಲಿ ಒಬ್ಬರು ಮಾತು ನಿಲ್ಲಿಸಿದರೆ ಉಳಿದವರು ಅದಕ್ಕೆ ತಮಗೆ ಹಿತವಾದ ಅರ್ಥ ಹುಡುಕಿಕೊಳ್ಳುತ್ತಾರೆ. ಈ ಮನೆಗೆ ಆ ಅರ್ಥವನ್ನು ತಂದುಕೊಟ್ಟವರು ತೋಂಟಾರಾಧ್ಯರ ತಂಗಿ ಸರ್ವಮಂಗಳಮ್ಮ. ಯಡಿಯೂರಿನಿಂದ ಅಣ್ಣನನ್ನು ನೋಡಲು ಬಂದಿದ್ದಾಗ, ಅಣ್ಣ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಎರಡು ಗಂಟೆ ಅಲ್ಲಾಡದೆ ಕೂತಿದ್ದನ್ನು ಕಂಡರು.

"ಅಣ್ಣಯ್ಯನಿಗೆ ವೈರಾಗ್ಯ ಬಂದೈತೆ ಕಣೋ ಪ್ರಭು. ಮೌನ ಹಿಡಿದವ್ರೆ. ಇಂಥಾದ್ದು ಎಲ್ಲರ ಮನೇಲಿ ಆಗಲ್ಲ. ನೀನು ಪುಣ್ಯವಂತ" ಎಂದರು.

ಪ್ರಭುದೇವನಿಗೆ ಆ ಮಾತು ಬೇಕಾಗಿತ್ತು. ಎರಡು ವರ್ಷದ ಹಿಂದಿನಿಂದಲೇ ಅಂಗಡಿಯಲ್ಲಿ ಅಪ್ಪ ರಾಗಿ ಕೇಳಿದವರಿಗೆ ಅಲಸಂದೆ ಕೊಡುತ್ತಿದ್ದರು. ಒಬ್ಬನೇ ಗಿರಾಕಿಯನ್ನು ಅರ್ಧ ಗಂಟೆಯಲ್ಲಿ ಮೂರು ಸಲ "ಯಾವೂರಪ್ಪ" ಎಂದು ಕೇಳುತ್ತಿದ್ದರು. ಜನ ಮುಸಿಮುಸಿ ನಗುವುದನ್ನು ನೋಡಲಾಗದೆ ಅವನೇ ಅವರನ್ನು ಮನೆಯಲ್ಲಿ ಇರಿಸಿದ್ದ. ಈಗ ಅದೇ ಜನ ಸೋಮವಾರ ಬಂದು ಕಾಲಿಗೆ ಬೀಳುತ್ತಿದ್ದರು. ಬಂದವರ ಮುಖವನ್ನು ತೋಂಟಾರಾಧ್ಯರು ಸುಮ್ಮನೆ ನೋಡಿ ನಗುತ್ತಿದ್ದರು. ಆ ನಗುವೇ ಆಶೀರ್ವಾದವಾಯಿತು.

ಆ ಮನೆಯ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಲಿಂಗಪೂಜೆ ಮುಗಿಯುವವರೆಗೆ ಹಿರಿಯರು ಒಂದು ಗುಟುಕು ನೀರೂ ಮುಟ್ಟುವುದಿಲ್ಲ. ಪೂಜೆಗೆ ಕೂತವರನ್ನು ಯಾರೂ ಮಾತಾಡಿಸುವುದಿಲ್ಲ, ಹತ್ತಿರ ಸುಳಿಯುವುದಿಲ್ಲ. ಮೊದಲು ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ಪೂಜೆ ಬರಬರುತ್ತಾ ಒಂದು ಗಂಟೆಯಾಯಿತು, ಮೂರಾಯಿತು, ಐದಾಯಿತು. ಕೊನೆಗೆ ಕಾಲು ಜೋಮು ಹಿಡಿದೋ, ಆಯಾಸಕ್ಕೋ ಅವರು ಒಂದು ಪಕ್ಕಕ್ಕೆ ವಾಲಿದಾಗ, ಪೂಜೆ ಮುಗಿಯಿತೆಂದುಕೊಂಡು ಸೊಸೆ ಮಧುಶ್ರೀ ಹೋಗಿ ಕೈಹಿಡಿದು ಎಬ್ಬಿಸುತ್ತಿದ್ದಳು.

ಒಂದು ದಿನ ಅವಳು ಗಂಡನಿಗೆ ಹೇಳಿದಳು.

"ರೀ, ಮಾವ ಇವತ್ತು ಎದ್ದಿದ್ದು ಹನ್ನೆರಡೂವರೆಗೆ. ಒಂದು ಲೋಟ ನೀರು ಕೂಡ ಒಳಗೆ ಹೋಗಿಲ್ಲ."

"ಪೂಜೆ ಮಧ್ಯೆ ಎಬ್ಬಿಸೋಕಾಗುತ್ತಾ?"

"ಎಬ್ಬಿಸಿ ಅಂತಿಲ್ಲ. ಅವ್ರ ಕಣ್ಣು ನೋಡಿ ಅಂತಿದೀನಿ. ಲಿಂಗದ ಮೇಲಿಲ್ಲ ಕಣ್ಣು. ವಿಭೂತಿ ನೋಡ್ತಾರೆ, ಚೆಂಬು ನೋಡ್ತಾರೆ, ಬಾಗ್ಲು ನೋಡ್ತಾರೆ."

"ನಿಂಗೆ ಎಲ್ಲಾದ್ರಲ್ಲೂ ಅನುಮಾನ. ಸರ್ವಮಂಗಳತ್ತೆ ಮುಂದೆ ಇದನ್ನ ಹೇಳ್ಬೇಡ. ಪೂಜೆಗೆ ಸೊಸೆ ಅಡ್ಡ ಬರ್ತಾಳೆ ಅಂತ ಯಡಿಯೂರು ತನಕ ಸುದ್ದಿ ಹೋಗುತ್ತೆ."

ಮಧುಶ್ರೀ ಮತ್ತೆ ಬಾಯಿ ತೆರೆಯಲಿಲ್ಲ. ಮಾವನ ಪಂಚೆ ದಿನಕ್ಕೆ ಎರಡು ಸಲ ಒದ್ದೆಯಾಗುವುದನ್ನೂ, ತಾನು ಅದನ್ನು ಯಾರಿಗೂ ಕಾಣದಂತೆ ಒಗೆದು ಹಿತ್ತಲ ಮೂಲೆಯಲ್ಲಿ ಒಣಗಿಸುವುದನ್ನೂ ಹೇಳಲಿಲ್ಲ. ಆ ಮನೆಯಲ್ಲಿ ಎರಡು ಮೌನಗಳಿದ್ದವು. ಒಂದಕ್ಕೆ ಜನ ಕೈಮುಗಿಯುತ್ತಿದ್ದರು. ಇನ್ನೊಂದು ಯಾರ ಗಮನಕ್ಕೂ ಬಂದಿರಲಿಲ್ಲ.

ಶ್ರಾವಣ ಶುರುವಾಯಿತು. ಕೊನೆಯ ಸೋಮವಾರ ಅಣ್ಣನಿಗೆ ಪಾದಪೂಜೆ ಮಾಡಬೇಕು, ನೆಂಟರನ್ನೆಲ್ಲ ಕರೆಯಬೇಕು ಎಂದು ಸರ್ವಮಂಗಳಮ್ಮ ಫೋನಿನಲ್ಲೇ ತೀರ್ಮಾನ ಮಾಡಿದರು. ಹೊಸ ಬಿಳಿ ಜುಬ್ಬ ಹೊಲಿಸಲು ಪ್ರಭುದೇವ ಎದುರು ಸಾಲಿನ ಟೈಲರ್ ನಯಾಜ್ ಅಹಮದನಿಗೆ ಹೇಳಿದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ತೋಂಟಾರಾಧ್ಯರ ಬಟ್ಟೆಯನ್ನು ನಯಾಜನ ತಂದೆಯ ಕಾಲದಿಂದಲೂ ಅದೇ ಅಂಗಡಿಯಲ್ಲಿ ಹೊಲಿಯುತ್ತಿದ್ದರು.

ನಯಾಜ್ ಟೇಪು, ಅಳತೆ ಪುಸ್ತಕ ಹಿಡಿದು ಬಂದಾಗ ಹಗಲು ಹನ್ನೆರಡು ದಾಟಿತ್ತು. ತೋಂಟಾರಾಧ್ಯರು ಇನ್ನೂ ಪೂಜೆಯಲ್ಲಿದ್ದರು. ಅವನು ಪಡಸಾಲೆಯಲ್ಲಿ ಕೂತು ಕಾದ. ಅಲ್ಲಿಂದ ಪೂಜೆಯ ಕೋಣೆ ನೇರ ಕಾಣುತ್ತಿತ್ತು.

"ಎಷ್ಟೊತ್ತಿಗೆ ಕೂತಿದ್ದು ಅಕ್ಕ?" ಎಂದು ಕೇಳಿದ.

"ಏಳಕ್ಕೆ" ಎಂದಳು ಮಧುಶ್ರೀ.

ನಯಾಜ್ ಒಳಗೆ ಕೂತವರ ಮುಖವನ್ನೇ ನೋಡುತ್ತಿದ್ದ. ಅವರು ಎದ್ದ ಮೇಲೆ ಎರಡೆರಡು ಸಲ ಅಳತೆ ತೆಗೆದ. ಹೋದ ವರ್ಷ ಯುಗಾದಿಗೆ ಹೊಲಿದಾಗ ಎದೆ ನಲವತ್ತು ಇಂಚು, ಸೊಂಟ ಮೂವತ್ತೆಂಟು ಎಂದು ಪುಸ್ತಕದಲ್ಲಿತ್ತು. ಈಗ ಎದೆ ಮೂವತ್ತಾರು, ಸೊಂಟ ಮೂವತ್ತಮೂರು.

ಅವನು ಸೀದಾ ಬೀಜದ ಅಂಗಡಿಗೆ ಹೋದ.

"ಏನ್ಲಾ ಪ್ರಭು, ಅಪ್ಪಾಜಿಗೆ ಊಟ ಹಾಕ್ತಿದೀರೋ ಇಲ್ವೋ?"

"ನೋಡ್ಕೊಂಡು ಮಾತಾಡು."

"ನೋಡ್ಕೊಂಡೇ ಬಂದೆ. ಸೊಂಟ ಐದು ಇಂಚು ಇಳಿದೈತೆ. ನಾನು ಹೇಳ್ತಿಲ್ಲ, ಟೇಪು ಹೇಳ್ತೈತೆ."

"ಪೂಜೆ, ಉಪವಾಸ ಅಂದ್ರೆ ಇಳಿಯುತ್ತಪ್ಪ. ವೈರಾಗ್ಯ ಬಂದೋರಿಗೆ ಹೊಟ್ಟೆ ಬರುತ್ತಾ, ನಿನ್ ಥರ?"

ನಯಾಜ್ ತನ್ನ ಹೊಟ್ಟೆ ನೋಡಿಕೊಂಡು ನಕ್ಕ. ಗೊಬ್ಬರದ ಮೂಟೆಯೊಂದರ ಮೇಲೆ ಕೂತ. ಆಮೇಲೆ ನಗು ಬಿಟ್ಟು ಹೇಳಿದ.

"ನಮ್ಮಬ್ಬಾನ ಕೊನೇ ಆರು ವರ್ಷ ನಿಂಗೆ ಗೊತ್ತಲ್ಲ. ಮಸೀದೀಲಿ ಸಜ್ದಾ ಅಂತ ಹಣೆ ನೆಲಕ್ಕಿಟ್ರೆ ಏಳ್ತಾನೇ ಇರ್ಲಿಲ್ಲ. ಎಲ್ರೂ ನಮಾಜು ಮುಗಿಸಿ ಚಪ್ಪಲಿ ಹಾಕ್ಕೊಂಡು ಹೋದ್ರೂ ಅವ್ರು ಹಾಗೇ. ಎಂಥಾ ಭಕ್ತಿ ಅಂತ ಜನ ಅನ್ನೋರು. ನಂಗೂ ಹೆಮ್ಮೆ. ಒಂದಿನ ಪಕ್ಕದಲ್ಲೇ ನಾನೂ ಬಾಗಿದ್ದೆ. ಹಣೆ ನೆಲದಲ್ಲೇ ಇಟ್ಕೊಂಡು ನನ್ ಕಡೆ ತಿರುಗಿ ನೋಡಿದ್ರು ಕಣ್ಲಾ. ಮುಂದೇನು ಅಂತ ಕೇಳೋ ಥರ. ಏಳೋದು ಮರೆತೋಗಿತ್ತು ಅವ್ರಿಗೆ."

ಪ್ರಭುದೇವ ಚೀಲದ ಬಾಯಿ ಕಟ್ಟುತ್ತಿದ್ದವನು ಕೈ ನಿಲ್ಲಿಸಿದ.

"ನಮ್ಮಪ್ಪನಿಗೆ ತಲೆ ಕೆಟ್ಟೈತೆ ಅಂತೀಯಾ?"

"ತಲೆ ಕೆಡೋದಲ್ಲ ಇದು. ಮೆದುಳಿನ ಕಾಯಿಲೆ. ಡಾಕ್ಟ್ರು ಡಿಮೆನ್ಷಿಯಾ ಅಂತಾರೆ, ಮರೆವಿನ ಕಾಯಿಲೆ. ಬಿಪಿ, ಶುಗರ್ ಇದ್ದಂಗೆ ಇದೂ ಒಂದು ಕಾಯಿಲೆ."

"ವಯಸ್ಸಾದೋರಿಗೆ ಮರೆವು ಬರಲ್ವಾ? ಅರಳುಮರಳು ಅಂತೀವಲ್ಲ."

"ನೋಡು, ಕತ್ತರಿ ಎಲ್ಲಿಟ್ಟೆ ಅಂತ ನಾನು ದಿನಾ ಹುಡುಕ್ತೀನಿ. ಅದು ವಯಸ್ಸು. ನಮ್ಮಬ್ಬಾ ಕತ್ತರಿ ಕೈಯಲ್ಲೇ ಹಿಡ್ಕೊಂಡು, ಇದ್ರಲ್ಲಿ ಏನು ಮಾಡೋದು ಅಂತ ನೋಡ್ತಾ ನಿಂತಿದ್ರು. ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಅದು. ಅದು ಕಾಯಿಲೆ."

ಪ್ರಭುದೇವ ಮತ್ತೆ ಚೀಲದ ಬಾಯಿ ಕಟ್ಟತೊಡಗಿದ. "ಜುಬ್ಬ ಯಾವತ್ತು ಕೊಡ್ತೀಯ, ಅದನ್ನ ಹೇಳು" ಎಂದ.

"ಕೊಡ್ತೀನಿ. ಒಂದು ಕೆಲಸ ಮಾಡು. ನಾಳೆ ಬೆಳಿಗ್ಗೆ ಅಪ್ಪಾಜಿ ಎದುರು ನೀನೂ ಪೂಜೆಗೆ ಕೂರು. ಅವ್ರಿಗೆ ಕಾಣೋ ಹಾಗೆ ಒಂದೊಂದೇ ಮಾಡು. ನಾನು ಅಬ್ಬಾ ಪಕ್ಕ ನಿಂತು ಹಂಗೇ ನಮಾಜು ಮಾಡಿಸ್ತಿದ್ದೆ. ನನ್ ಮಾತು ಸುಳ್ಳಾದ್ರೆ ನಮ್ಮಂಗಡಿ ಮುಂದೆ ನಿಂತು ಬೈಯಿ, ಬೀದಿಯೋರೆಲ್ಲ ಕೇಳ್ಲಿ."

ಮರುದಿನ ಬೆಳಿಗ್ಗೆ ಪ್ರಭುದೇವ ಸ್ನಾನ ಮಾಡಿ ಅಪ್ಪನ ಎದುರಿಗೆ ಮಣೆ ಹಾಕಿಕೊಂಡು ಕೂತ. ಅವನು ಸಾವಧಾನವಾಗಿ ಪೂಜೆಗೆ ಕೂತು ವರ್ಷಗಳಾಗಿದ್ದವು. ಕೊರಳ ಲಿಂಗವನ್ನು ಮುಟ್ಟಿ ನಮಸ್ಕಾರ ಮಾಡಿ ಅಂಗಡಿಗೆ ಓಡುವುದೇ ಅಭ್ಯಾಸ. ಮಧುಶ್ರೀ ಬಾಗಿಲಲ್ಲಿ ನಿಂತಿದ್ದಳು.

ತೋಂಟಾರಾಧ್ಯರು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡರು. ಅವರ ಬಲಗೈ ಗಾಳಿಯಲ್ಲೇ ನಿಂತಿತು. ದಿನವೂ ನಿಲ್ಲುತ್ತಿದ್ದದ್ದು ಅಲ್ಲೇ ಇರಬೇಕು. ಪ್ರಭುದೇವ ವಿಭೂತಿ ತೆಗೆದುಕೊಂಡು ಮೂರು ಬೆರಳಿಂದ ಹಣೆಗೆ ಹಚ್ಚಿಕೊಂಡ. ಅಪ್ಪ ಅವನ ಬೆರಳುಗಳನ್ನೇ ನೋಡಿದರು. ಅವರ ಕೈ ಮೆಲ್ಲಗೆ ವಿಭೂತಿಯ ಬಟ್ಟಲಿಗೆ ಹೋಯಿತು. ಅವರೂ ಹಚ್ಚಿಕೊಂಡರು. ಅವನು ಲಿಂಗಕ್ಕೆ ನೀರು ಹನಿಸಿದ. ಅವರೂ ಹನಿಸಿದರು. ಆಮೇಲೆ ಪ್ರಭುದೇವನಿಗೇ ಗೊಂದಲವಾಗಿ ಕೈ ನಿಂತಿತು. "ಒರೆಸಿ, ಪತ್ರೆ ಏರಿಸಿ" ಎಂದು ಮಧುಶ್ರೀ ಬಾಗಿಲಿನಿಂದ ಪಿಸುಗುಟ್ಟಿದಳು.

ಬಿಲ್ವಪತ್ರೆ ಏರಿತು, ಹೂವು ಏರಿತು. ಇಬ್ಬರೂ ಕೈಮುಗಿದರು. ತೋಂಟಾರಾಧ್ಯರು ಲಿಂಗವನ್ನು ಕೊರಳಲ್ಲಿದ್ದ ಕರಡಿಗೆಯೊಳಗಿಟ್ಟು, ಮಗನನ್ನು ನೋಡಿ, ಯಾರ ಸಹಾಯವೂ ಇಲ್ಲದೆ ಎದ್ದು ನಿಂತರು. ಗಡಿಯಾರದಲ್ಲಿ ಏಳೂ ಇಪ್ಪತ್ತು.

ಅಡುಗೆಮನೆಗೆ ಬಂದು ಮೂರು ಲೋಟ ನೀರು ಕುಡಿದರು. ನಾಲ್ಕು ಇಡ್ಲಿ ತಿಂದರು. ಪ್ರಭುದೇವ ತಟ್ಟೆ ಮುಂದಿಟ್ಟುಕೊಂಡು ಅವರು ತಿನ್ನುವುದನ್ನೇ ನೋಡುತ್ತಿದ್ದ. ಅಪ್ಪ ಧ್ಯಾನದಲ್ಲಿರಲಿಲ್ಲ. ಇಷ್ಟು ತಿಂಗಳು ಹಸಿದುಕೊಂಡು, ಮುಂದೇನೆಂದು ಯಾರಾದರೂ ಹೇಳಲಿ ಎಂದು ಕಾಯುತ್ತಾ ಕೂತಿದ್ದರು. ಮನೆಯವರೆಲ್ಲ ಗೌರವದಿಂದ ದೂರ ನಿಂತಿದ್ದರು.

"ನೀನು ಹೇಳಿದ್ದೆ" ಎಂದ ಹೆಂಡತಿಗೆ.

"ತಿನ್ನಿ ಮೊದ್ಲು. ತುಮಕೂರಿಗೆ ಹೊರಡೋಣ" ಎಂದಳು ಮಧುಶ್ರೀ.

ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ನಯಾಜನೂ ಜೊತೆಗೆ ಬಂದ. ಅಲ್ಲಿಯ ವೈದ್ಯೆ ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಮಾತು ಒಂದೇ ಸಲ ನಿಂತಿದ್ದಾ, ನಿಧಾನಕ್ಕೆ ಕಡಿಮೆಯಾಗಿದ್ದಾ?"

"ನಿಧಾನಕ್ಕೆ. ಮೊದ್ಲು ಹೆಸರು ಮರೆಯೋರು. ಆಮೇಲೆ ಅದು, ಇದು, ಅವನು ಅನ್ನೋರು. ಆಮೇಲೆ ಸುಮ್ಮನಾದ್ರು" ಎಂದಳು ಮಧುಶ್ರೀ.

"ಸರಿಯಾಗಿ ಗಮನಿಸಿದೀರ. ಒಂದೇ ಸಲ ಮಾತು ನಿಂತ್ರೆ, ಬಾಯಿ ಸೊಟ್ಟಗಾದ್ರೆ, ಕೈ ಎತ್ತೋಕಾಗದಿದ್ರೆ ಅದು ಲಕ್ವ ಇರಬಹುದು. ಆಗ ಒಂದು ನಿಮಿಷಾನೂ ಕಾಯದೆ ಆಸ್ಪತ್ರೆಗೆ ಬರ್ಬೇಕು" ಎಂದರು ವೈದ್ಯೆ.

ಅವರು ತೋಂಟಾರಾಧ್ಯರಿಗೆ ಪೆನ್ನು ತೋರಿಸಿ ಇದೇನು ಎಂದು ಕೇಳಿದರು. ತೋಂಟಾರಾಧ್ಯರು ಸುಮ್ಮನೆ ನಕ್ಕರು. ಗಡಿಯಾರದ ಚಿತ್ರ ಬರೆಯಿರಿ ಎಂದಾಗ ಒಂದು ಗುಂಡು ಸುತ್ತಿ ಪೆನ್ನು ಕೆಳಗಿಟ್ಟರು. ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ, ತಲೆಯ ಸ್ಕ್ಯಾನ್ ಆಯಿತು. ಥೈರಾಯ್ಡ್ ತೊಂದರೆ, ಬಿ-ಹನ್ನೆರಡು ವಿಟಮಿನ್ ಕೊರತೆ ಇದ್ದರೂ ಮರೆವು ಬರುತ್ತದೆ, ಅಂಥದ್ದಾದರೆ ಚಿಕಿತ್ಸೆಯಿಂದ ಸುಧಾರಿಸಬಹುದು, ಅದಕ್ಕೇ ಬೇಗ ಬರಬೇಕು ಎಂದರು ವೈದ್ಯೆ. ತೋಂಟಾರಾಧ್ಯರಿಗೆ ಅವೆರಡೂ ಇರಲಿಲ್ಲ. ನೀರು ಕುಡಿಯದೆ ಮೂತ್ರದ ಸೋಂಕಾಗಿತ್ತು, ಅದಕ್ಕೆ ಔಷಧಿ ಸಿಕ್ಕಿತು. ಮರೆವು ಡಿಮೆನ್ಷಿಯಾವೇ ಎಂದು ಎರಡನೇ ಭೇಟಿಯಲ್ಲಿ ಖಚಿತವಾಯಿತು.

"ವಾಸಿಯಾಗುತ್ತಾ ಮೇಡಂ?" ಎಂದ ಪ್ರಭುದೇವ.

"ಪೂರ್ತಿ ವಾಸಿ ಮಾಡೋ ಔಷಧಿ ಇವತ್ತಿಗೆ ಇಲ್ಲ. ಕೆಲವರಿಗೆ ಮಾತ್ರೆಯಿಂದ ಸ್ವಲ್ಪ ಅನುಕೂಲ ಆಗುತ್ತೆ. ಆದ್ರೆ ಇವ್ರು ಹೊಟ್ಟೆ ತುಂಬ ಉಂಡು, ಬೀಳದೆ, ಹೆದರದೆ ಇರೋದು ಮನೆಯವ್ರ ಕೈಲಿದೆ. ನಾನು ಯಾರು ಹೇಳಿ ಅಂತ ಪರೀಕ್ಷೆ ಮಾಡ್ಬೇಡಿ. ನಾನು ಪ್ರಭು, ಊಟಕ್ಕೆ ಬಂದಿದೀನಿ ಅಂತ ನೀವೇ ಹೇಳಿ. ಒಂದು ಸಲಕ್ಕೆ ಒಂದೇ ಮಾತು. ಬಾಯಲ್ಲಿ ಹೇಳಿದ್ದು ತಿಳೀದಿದ್ರೆ ಮಾಡಿ ತೋರಿಸಿ. ಮಾತಾಡ್ತಿಲ್ಲ ಅಂದ್ರೆ ನೋವಿಲ್ಲ, ಹಸಿವಿಲ್ಲ ಅಂತಲ್ಲ. ಮುಖ ಕಿವುಚಿದ್ರೆ, ಊಟ ಬಿಟ್ರೆ, ಇದ್ದಕ್ಕಿದ್ದಂಗೆ ಮಂಕಾದ್ರೆ ಕರ್ಕೊಂಡು ಬನ್ನಿ."

ಮಧುಶ್ರೀಗೆ ಉಳಿದ ಪಾಠ ಹೇಳಿದವರು ನಯಾಜನ ತಾಯಿ ಕುಲ್ಸುಂ ಬೀ. ಒಂದು ಮಧ್ಯಾಹ್ನ ಅವರು ಹಿತ್ತಲಿಗೇ ಬಂದು ಮೂಲೆಯಲ್ಲಿ ಒಣಗುತ್ತಿದ್ದ ಪಂಚೆಗಳನ್ನು ನೋಡಿದರು.

"ಇದನ್ನ ಬಿಸಿಲಿಗೆ ಹಾಕಮ್ಮ. ಕದ್ದು ತಂದಿದ್ದಾ?"

ಮಧುಶ್ರೀಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು.

"ಎರಡು ಗಂಟೆಗೊಂದ್ಸಲ ನೀವೇ ಪಾಯಖಾನೆಗೆ ಕರ್ಕೊಂಡು ಹೋಗಿ. ಕೇಳ್ಬೇಡಿ, ಕರ್ಕೊಂಡು ಹೋಗಿ. ಬಚ್ಚಲು, ಪಾಯಖಾನೆ ಬಾಗ್ಲು ತೆಗೆದಿಡಿ, ಲೈಟ್ ಹಾಕಿಡಿ. ನೆಲ ಒದ್ದೆ ಇರಬಾರ್ದು. ಜೇಬಲ್ಲಿ ಹೆಸರು, ಫೋನ್ ನಂಬರ್ ಬರೆದ ಚೀಟಿ ಇರ್ಲಿ. ನಮ್ಮವ್ರು ಒಂದಿನ ಕುಣಿಗಲ್ ಬಸ್ ಹತ್ತಿ ಹೋಗ್ಬಿಟ್ಟಿದ್ರು. ಚೀಟಿ ನೋಡಿ ಕಂಡಕ್ಟರ್ ಫೋನ್ ಮಾಡ್ದ" ಎಂದರು ಕುಲ್ಸುಂ ಬೀ. ಆಮೇಲೆ ಕೇಳಿದರು. "ನೀನು ಯಾವತ್ತು ಪೂರ್ತಿ ನಿದ್ದೆ ಮಾಡಿದ್ದು?"

ಮಧುಶ್ರೀ ಲೆಕ್ಕ ಹಾಕಲು ಹೋಗಿ ಬಿಟ್ಟಳು.

"ನಾನೂ ಹಂಗೇ ಇದ್ದೆ. ಒಂದಿನ ಅವ್ರ ಮೇಲೆ ಕೈ ಎತ್ಬಿಟ್ಟೆ. ಆವತ್ತಿಂದ ನಯಾಜ್ ಬೆಳಿಗ್ಗೆ, ನಾನು ಮಧ್ಯಾಹ್ನ ಅಂತ ಪಾಳಿ ಮಾಡ್ಕೊಂಡ್ವಿ. ಒಬ್ಬಳೇ ಹೊರಬೇಡ. ಗಂಡಂಗೆ ಹೇಳು. ನಾಚ್ಕೊಂಡು ಕೂತ್ರೆ ನೀನೇ ಹಾಸಿಗೆ ಹಿಡೀತೀಯ."

ಕುಲ್ಸುಂ ಬೀ ಹೋದ ಮೇಲೆ ಅವಳು ಗಂಡನಿಗೆ ಎಲ್ಲ ಹೇಳಿದಳು. ಬೆಳಗಿನ ಸ್ನಾನ, ಪೂಜೆ, ತಿಂಡಿ ಪ್ರಭುದೇವನ ಪಾಲಿಗೆ ಬಂತು.

ಶ್ರಾವಣದ ಕೊನೆಯ ಸೋಮವಾರ ಸರ್ವಮಂಗಳಮ್ಮ ಹೂವಿನ ಬುಟ್ಟಿ, ಹಿತ್ತಾಳೆಯ ತಟ್ಟೆ, ಹದಿನೈದು ಜನ ನೆಂಟರೊಂದಿಗೆ ಬಂದಿಳಿದರು. ಫೋನಿನಲ್ಲಿ ಪ್ರಭುದೇವ ಎರಡು ಸಲ ಹೇಳಲು ಹೋಗಿ ಹೇಳಲಾಗದೆ ಬಿಟ್ಟಿದ್ದ. ಅಪ್ಪನನ್ನು ಮಣೆಯ ಮೇಲೆ ಕೂರಿಸಲು ಅತ್ತೆ ಕೈಹಿಡಿದಾಗ ಅವನು ಎದ್ದು ನಿಂತ.

"ಎಲ್ರೂ ಕೇಳಿ. ನಮ್ಮಪ್ಪ ಮೌನವ್ರತ ಹಿಡಿದಿಲ್ಲ. ಅವ್ರಿಗೆ ಮರೆವಿನ ಕಾಯಿಲೆ ಇದೆ. ಮಾತು ಮರೆತೋಗಿದೆ. ಪೂಜೆ ಮುಗಿಸೋದು ಹೇಗೆ ಅಂತ ಗೊತ್ತಾಗದೆ ಗಂಟೆಗಟ್ಲೆ ಹಸಿದು ಕೂರ್ತಿದ್ರು. ನಾವು ಅದನ್ನ ದೊಡ್ಡದು ಮಾಡಿ ನಿಮಗೆಲ್ಲ ಹೇಳಿದ್ವಿ. ಪಾದಪೂಜೆ ಬೇಡ. ಅವ್ರ ಜೊತೆ ಕೂತು ಊಟ ಮಾಡಿ ಹೋಗಿ."

ಸರ್ವಮಂಗಳಮ್ಮನ ಮುಖ ಕೆಂಪಗಾಯಿತು.

"ಹದಿನೈದು ಜನರ ಮುಂದೆ ಅಣ್ಣಯ್ಯನ ಮಾನ ಕಳೆದೆಯಲ್ಲೋ."

"ಕಾಯಿಲೆ ಅಂದ್ರೆ ಮಾನ ಹೋಗುತ್ತಾ ಅತ್ತೆ? ನಿಮಗೆ ಶುಗರ್ ಇದೆ ಅಂತ ಹೇಳಿದ್ರೆ ಹೋಗುತ್ತಾ?"

"ಅವ್ರು ನನ್ನ ನೋಡಿ ನಗ್ತಾರೆ. ನನ್ನ ಗುರುತಿದೆ ಅವ್ರಿಗೆ."

"ಪ್ರೀತಿ ಗೊತ್ತಾಗುತ್ತೆ ಅತ್ತೆ. ಅದು ಹೋಗಿಲ್ಲ" ಎಂದಳು ಮಧುಶ್ರೀ. "ನಿಮ್ಮ ಹೆಸರು ಹೋಗಿದೆ, ಅಷ್ಟೇ."

ಎಲೆ ಹಾಕಿದರು. ಸರ್ವಮಂಗಳಮ್ಮ ಬಿಗಿದ ಮುಖದಲ್ಲೇ ಅಣ್ಣನ ಎದುರು ಕೂತರು. ತೋಂಟಾರಾಧ್ಯರು ಎರಡು ತುತ್ತು ತಿಂದು ಮೂರನೆಯದನ್ನು ಕೈಯಲ್ಲೇ ಹಿಡಿದು ನಿಲ್ಲಿಸಿದರು. ಅನ್ನ ಬೆರಳ ಸಂದಿಯಿಂದ ಎಲೆಗೆ ಉದುರುತ್ತಿತ್ತು. ಅವರು ತಂಗಿಯನ್ನು ನೋಡಿದರು. ಇಷ್ಟು ದಿನ ತಾನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡಿದ್ದ ಆ ನೋಟದಲ್ಲಿ ಒಂದು ಪ್ರಶ್ನೆ ಇರುವುದು ಸರ್ವಮಂಗಳಮ್ಮನಿಗೆ ಆಗ ಕಂಡಿತು. ಅವರು ನಿಧಾನವಾಗಿ ತುತ್ತು ಕಲೆಸಿ, ಎತ್ತಿ, ಬಾಯಿಗಿಟ್ಟುಕೊಂಡರು. ತೋಂಟಾರಾಧ್ಯರ ಕೈಯೂ ಬಾಯಿಗೆ ಹೋಯಿತು. ಇನ್ನೊಂದು ತುತ್ತು. ಅವರೂ ಇನ್ನೊಂದು. ಎಲೆ ಖಾಲಿಯಾಗುವವರೆಗೆ ಅಣ್ಣ ತಂಗಿ ಹಾಗೇ ಉಂಡರು.

ಕೈ ತೊಳೆಯುವಾಗ ಸರ್ವಮಂಗಳಮ್ಮ ಮಧುಶ್ರೀ ಕಡೆ ತಿರುಗಿದರು.

"ತಿಂಗಳಲ್ಲಿ ಎಂಟು ದಿನ ನಾನು ಇಲ್ಲಿ ಬಂದಿರ್ತೀನಿ. ನೀನು ತವರಿಗೆ ಹೋಗಿ ನಿದ್ದೆ ಮಾಡ್ಕೊಂಡು ಬಾ. ನಾನು ಏನೇನು ಮಾಡ್ಬೇಕು, ಒಂದ್ಸಲ ತೋರಿಸ್ಕೊಡು" ಎಂದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಹಿರಿಯರು ಮಾತು ಕಡಿಮೆ ಮಾಡಿದ್ದಾರೆಯೇ? ಕೇಳಿದ್ದನ್ನೇ ಕೇಳುತ್ತಾರೆಯೇ? ಜೀವಮಾನವಿಡೀ ಮಾಡಿದ ಕೆಲಸದ ಮಧ್ಯೆ ಕೈ ನಿಲ್ಲಿಸುತ್ತಾರೆಯೇ? ಅದನ್ನು ವಯಸ್ಸು, ಹಟ, ಭಕ್ತಿ, ಗಾಳಿ ಸೋಕು ಎಂದು ತಳ್ಳಿಹಾಕಬೇಡಿ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ನೋಡಿಕೊಳ್ಳುವವರ ಮನಸ್ಸು ಸೋತಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಒಬ್ಬರೇ ನೋಡಿಕೊಳ್ಳುತ್ತಿದ್ದರೆ ಇವತ್ತೇ ಪಾಳಿ ಹಂಚಿಕೊಳ್ಳಿ.

ಇಷ್ಟೆಲ್ಲ ಮಾಡುವ ಮೊದಲು ಒಂದು ಕೆಲಸವಿದೆ, ಅದಕ್ಕೆ ಆಸ್ಪತ್ರೆ ಬೇಕಿಲ್ಲ. ಹೋಗಿ ಅವರ ಎದುರು ಕೂರಿ. ಸಹಾಯ ಬೇಕು ಎಂದು ಅವರು ಬಾಯಿಬಿಟ್ಟು ಕೇಳಲಾರರು. ಕೇಳುವ ಮಾತೇ ಅವರಿಂದ ಹೋಗಿರುತ್ತದೆ. ಅವರ ಕಣ್ಣು ಏನು ಹುಡುಕುತ್ತಿದೆ ಎಂದು ನೀವೇ ನೋಡಬೇಕು.